ಥರ್ಮಾಕೋಲಿನ ಪರಮಾಣು

ಫೆಬ್ರುವರಿ 28 ಹತ್ತಿರ ಬಂತೆಂದರೆ ಸಾಕು, ಥರ್ಮಾಕೋಲ್ ಚೆಂಡು ಹುಡುಕುತ್ತ ಅಂಗಡಿ ಅಂಗಡಿ ಅಲೆಯುವ ಅಪ್ಪಂದಿರು ಕಾಣತೊಡಗುತ್ತಾರೆ. ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನಕ್ಕೆ ಏಳನೆಯ, ಎಂಟನೆಯ ತರಗತಿಯ ಮಗು ಪರಮಾಣು ಮಾಡಿಕೊಂಡು ಹೋಗಬೇಕು. ನಡುವೆ ಕೆಂಪು, ನೀಲಿ ಚೆಂಡುಗಳ ಗೊಂಚಲು, ಸುತ್ತ ತಂತಿಯ ಬಳೆ, ಬಳೆಗೆ ಪೋಣಿಸಿದ ಮಣಿ. ಅಪ್ಪ ತಂತಿ ಬಾಗಿಸುತ್ತಾನೆ, ಅವ್ವ ಬಣ್ಣ ಹಚ್ಚುತ್ತಾಳೆ, ಮಗು ಹೊತ್ತೊಯ್ಯುತ್ತದೆ. ಇದಕ್ಕೆ ನಾವು ಇಟ್ಟ ಹೆಸರು 'ಮಾಡಿ ಕಲಿ'. ಮಗು ಮಾಡಿದ್ದು ಏನೂ ಇಲ್ಲ, ಕಲಿತದ್ದು ಸುಳ್ಳು ಎಂಬುದು ನನ್ನ ತಕರಾರು.

ಮೊದಲು ಅಳತೆಯ ಸುಳ್ಳು. ಕಾರ್ಬನ್ ಪರಮಾಣುವಿನ ಅಡ್ಡಳತೆ ಅದರ ನ್ಯೂಕ್ಲಿಯಸ್ಸಿನ ಸುಮಾರು 30 ಸಾವಿರ ಪಟ್ಟು. ನಡುವಿನ ಗೊಂಚಲು 5 ಸೆಂಟಿಮೀಟರ್ ಇದ್ದರೆ ಹೊರಗಿನ ಮಣಿಗಳು ಮುಕ್ಕಾಲು ಕಿಲೋಮೀಟರ್ ಆಚೆ ಇರಬೇಕಾಗುತ್ತದೆ. ನಾವು ಗೇಣಿನೊಳಗೇ ಮುಗಿಸುತ್ತೇವೆ. ಪರಮಾಣುವೆಂದರೆ ಬಹುಪಾಲು ಖಾಲಿ ಎಂಬ ಒಂದೇ ಒಂದು ಬೆರಗಿನ ಸಂಗತಿಯೇ ಆ ಗೇಣಿನಲ್ಲಿ ಸತ್ತುಹೋಗುತ್ತದೆ. ನಿಡೋಣಿಯಂಥ ಊರಿನಲ್ಲಿ ಇದನ್ನು ತೋರಿಸಲು ಒಂದು ಜೋಳದ ಕಾಳು ಸಾಕು. ಅದನ್ನು ಧ್ವಜಕಟ್ಟೆಯ ಮೇಲಿಟ್ಟು, ಮಕ್ಕಳನ್ನು 60 ಮೀಟರ್ ಹೆಜ್ಜೆ ಎಣಿಸುತ್ತ ನಡೆಸಿ. ಹಲವು ಶಾಲೆಗಳಲ್ಲಿ ಗೇಟು ದಾಟಿ ರಸ್ತೆಗೆ ಬಂದಿರುತ್ತಾರೆ. ಅಲ್ಲಿ ನಿಂತು ಹಿಂತಿರುಗಿ ನೋಡಿದಾಗ ಕಾಳು ಕಾಣುವುದಿಲ್ಲ. ಪರಮಾಣುವಿನ ಹೆಚ್ಚೂಕಡಿಮೆ ಇಡೀ ತೂಕ ಆ ಕಾಣದ ಕಾಳಿನಲ್ಲೇ ಇದೆ ಎಂದು ಆಗ ಹೇಳಿ, ಮುಖಗಳನ್ನು ನೋಡಿ. ಗೋಳಗುಮ್ಮಟಕ್ಕೆ ಪ್ರವಾಸ ಹೋದರೂ ಆದೀತು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಅದು ಪರಮಾಣುವಾದರೆ ನ್ಯೂಕ್ಲಿಯಸ್ ಒಂದು ಸಾಸಿವೆ ಕಾಳು. ನಾವು ಮಾತ್ರ ಮಕ್ಕಳನ್ನು ಅಲ್ಲಿ ಕೂಗಿಸಿ, ಪ್ರತಿಧ್ವನಿ ಎಣಿಸಿ ಬಸ್ಸು ಹತ್ತಿಸುತ್ತೇವೆ.

ಅಳತೆಗಿಂತ ದೊಡ್ಡ ಸುಳ್ಳು ಇನ್ನೊಂದಿದೆ. ನಮ್ಮ ಕಡೆಯ ಒಂದು ಪ್ರದರ್ಶನದಲ್ಲಿ ಕಾರ್ಬನ್ ಮಾದರಿ ಹಿಡಿದು ನಿಂತಿದ್ದ ಹುಡುಗನಿಗೆ, "ಈ ತಂತಿ ಯಾಕ ಹಾಕೀಯೊ ತಮ್ಮಾ?" ಎಂದು ಕೇಳಿದೆ. "ಇಲ್ಲಾಂದ್ರ ಎಲೆಕ್ಟ್ರಾನ್ ಒಳಗ ಬೀಳ್ತದರಿ ಸರ್" ಎಂದ. ಪಕ್ಕದಲ್ಲಿದ್ದ ಮಾಸ್ತರರಿಗೆ ಅವಮಾನವಾದಂತಾಯಿತು. "ಹಂಗಲ್ಲೊ, ಮೊದಲನೇ ಕಕ್ಷೆದಾಗ ಎರಡು, ಎರಡನೇದರಾಗ ನಾಕು ಅಂತ ಹೇಳು" ಎಂದು ಗದರಿದರು. ಹುಡುಗ ಹೇಳಿದ. ಬಹುಮಾನವೂ ಬಂತು.

ಅಂದು ಆ ಸಭಾಂಗಣದಲ್ಲಿ ನಡೆದ ಏಕೈಕ ವಿಜ್ಞಾನ 'ಒಳಗ ಬೀಳ್ತದರಿ' ಎಂಬುದಾಗಿತ್ತು. 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್ಸಿನ ಮಾದರಿ ಮುಂದಿಟ್ಟಾಗ ಅದರ ಎದುರು ನಿಂತ ಪ್ರಶ್ನೆಯೇ ಅದು. ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುತ್ತ ಒಳಗೆ ಬಿದ್ದುಹೋಗಬೇಕಲ್ಲ, ಯಾಕೆ ಬೀಳುವುದಿಲ್ಲ? 1913ರಲ್ಲಿ ನೀಲ್ಸ್ ಬೋರ್ ಕಕ್ಷೆಗಳ ಮಾತೆತ್ತಿದ್ದು ಈ ತೊಡಕನ್ನು ಬಿಡಿಸಲು ಹೊರಟೇ. ಹುಡುಗನಿಗೆ ಈ ಲೆಕ್ಕವೆಲ್ಲ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆಧಾರವಿಲ್ಲದ್ದು ಬೀಳುತ್ತದೆ ಎಂದಷ್ಟೇ ಅವನ ಅನುಭವ. ಆದರೂ ಪ್ರಶ್ನೆಯ ಬಾಗಿಲಿಗೆ ಅವನು ತಾನಾಗಿಯೇ ಬಂದಿದ್ದ. ನಾವು ಬಾಗಿಲು ಹಾಕಿ, ಉತ್ತರವನ್ನು ಕೈಗಿಟ್ಟು ಕಳಿಸಿದೆವು.

'ಬೋರ್ ಮಾದರಿಯೇ ಹಳೆಯದು, ಎಲೆಕ್ಟ್ರಾನ್ ಹಾಗೆ ಸುತ್ತುವುದೇ ಇಲ್ಲ, ಆದ್ದರಿಂದ ಸಣ್ಣ ಮಕ್ಕಳಿಗೆ ಮಾದರಿಯೇ ಬೇಡ' ಎನ್ನುವ ಪಂಡಿತರೂ ಇದ್ದಾರೆ. ಅವರ ಮಾತಿನ ಮೊದಲರ್ಧ ನಿಜ. ಆದರೆ ಥಾಮ್ಸನ್ನರ ಕಲ್ಲಂಗಡಿಯಂಥ ಪರಮಾಣು ಬಂದದ್ದು 1904ರಲ್ಲಿ. ಒಂಬತ್ತು ವರ್ಷದಲ್ಲಿ ಅದು ಮುರಿದು, ಅದನ್ನು ಮುರಿದ ಮಾದರಿಯನ್ನೂ ತಿದ್ದಬೇಕಾಯಿತು. ಹೀಗೆ ಮುರಿಯುವುದನ್ನೇ ಕಲಿಸಬೇಕು. ಅಂಟು ಹಚ್ಚಿ ಒಣಗಿಸಿದ ಥರ್ಮಾಕೋಲ್ ಯಾವ ಪ್ರಶ್ನೆಗೂ ಮುರಿಯುವುದಿಲ್ಲ.

ಬದಲಿಗೆ ಏನು? ನಾಲ್ಕು ಇಟ್ಟಿಗೆಗಳ ಮೇಲೆ ದೊಡ್ಡದೊಂದು ರಟ್ಟು ಇಡಿ. ಮಕ್ಕಳು ಕಾಣದಂತೆ ಅದರ ಕೆಳಗೆ ಒಂದು ಮರದ ತುಂಡು ಇಡಿ. ಚೌಕವೋ ತ್ರಿಕೋನವೋ ನಿಮಗಷ್ಟೇ ಗೊತ್ತಿರಲಿ. ಮಕ್ಕಳು ನಾಲ್ಕೂ ಕಡೆಯಿಂದ ಗೋಲಿ ಉರುಳಿಸಲಿ, ಎಲ್ಲಿ ಹೊಕ್ಕು ಎಲ್ಲಿ ಹೊರಬಂತೆಂದು ಕಾಗದದ ಮೇಲೆ ಗೆರೆ ಎಳೆಯಲಿ, ಒಳಗಿನದರ ಆಕಾರ ಬರೆಯಲಿ. ಮ್ಯಾಂಚೆಸ್ಟರಿನಲ್ಲಿ 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಮಾಡಿದ್ದು ಇದೇ ಜಾತಿಯ ಕೆಲಸ. ತೆಳು ಲೋಹದ ಹಾಳೆಗೆ ಆಲ್ಫಾ ಕಣಗಳನ್ನು ಹೊಡೆದು, ಕತ್ತಲಲ್ಲಿ ಕೂತು, ಪರದೆಯ ಮೇಲೆ ಮಿನುಗುವ ಚುಕ್ಕೆಗಳನ್ನು ಎಣಿಸಿದರು. ಸಾವಿರಾರರಲ್ಲಿ ಎಲ್ಲೋ ಒಂದು ಕಣ ಹಿಂದಕ್ಕೆ ಪುಟಿಯುತ್ತಿತ್ತು. ಮಾರ್ಸ್‌ಡನ್‌ಗೆ ಆಗ ಇಪ್ಪತ್ತು ವರ್ಷ, ಇನ್ನೂ ವಿದ್ಯಾರ್ಥಿ.

ಈ ಆಟ ಹೊಸದೇನಲ್ಲ, ಕೆಲವು ಶಿಕ್ಷಕರು ಆಡಿಸುತ್ತಲೂ ಇದ್ದಾರೆ. ಆದರೆ ಕೊನೆಗೆ ರಟ್ಟು ಎತ್ತಿ ಯಾರು ಗೆದ್ದರೆಂದು ಹೇಳಿಬಿಡುತ್ತಾರೆ. ದಯವಿಟ್ಟು ಎತ್ತಬೇಡಿ. ರುದರ್‌ಫೋರ್ಡ್‌ಗೆ ಎತ್ತಲು ರಟ್ಟು ಇರಲಿಲ್ಲ. ಪರಮಾಣುವಿನ ಒಳಗನ್ನು ಅವರು ಊಹಿಸಿದ್ದು ಹೊರಬಂದ ಕಣಗಳ ದಾರಿಯಿಂದಲೇ. ರಟ್ಟು ಎತ್ತಿದ ಕ್ಷಣ ಅದು ಒಗಟಾಗುತ್ತದೆ, ಉತ್ತರ ಮಾಸ್ತರರ ಬಳಿ ಇದ್ದೇ ಇತ್ತು ಎಂದಾಗುತ್ತದೆ.

ಸಮಯವಿಲ್ಲ, ಸಿಲೆಬಸ್ ಮುಗಿಯಬೇಕು ಎನ್ನುತ್ತಾರೆ. ಒಂದು ಪೀರಿಯಡ್ ಸಾಕು, ಗೋಲಿ ಮಕ್ಕಳ ಕಿಸೆಯಲ್ಲೇ ಇರುತ್ತವೆ. ಎರಡು ಗುಂಪು ಎರಡು ಆಕಾರ ಬರೆದು ಜಗಳಕ್ಕೆ ನಿಂತರೆ ಬಿಡಿಸಲು ಹೋಗಬೇಡಿ. ಎರಡೂ ಚಿತ್ರ ಗೋಡೆಗೆ ಹಚ್ಚಿ, ನಾಳೆ ಇನ್ನೂ ಐವತ್ತು ಸಲ ಗೋಲಿ ಉರುಳಿಸಿ ಬನ್ನಿ ಎನ್ನಿ.