ನೂರಕ್ಕೆ ಎಂಬತ್ತು

ಬಾಗಿಲನ್ನು ಮುಚ್ಚುವುದಕ್ಕೆ ಒಂದು ಭಯ ಸಾಕು. ಮುಚ್ಚಿದ ಬಾಗಿಲನ್ನು ತೆರೆಯುವುದಕ್ಕೆ ಸಾವಿರ ಲೆಕ್ಕ ಬೇಕು. ಕೋವಿಡ್ ಮಹಾಮಾರಿಯ ಕಾಲದಲ್ಲಿ ಈ ಮಾತಿನ ನಿಜವನ್ನು ಆಸ್ಟ್ರೇಲಿಯದಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ದೇಶಗಳು ವಿರಳ. ಸಮುದ್ರವನ್ನೇ ಕಂದಕವಾಗಿ ಪಡೆದ ಆ ದ್ವೀಪಖಂಡವು 2020ರ ಮಾರ್ಚ್ 20ರಂದು ಪರದೇಶೀಯರಿಗೆ ತನ್ನ ಹೆಬ್ಬಾಗಿಲನ್ನು ಮುಚ್ಚಿತು. ಐದು ದಿನಗಳು ಕಳೆಯುವಷ್ಟರಲ್ಲಿ, ಅಪ್ಪಣೆಯಿಲ್ಲದೆ ಸ್ವಂತ ಪ್ರಜೆಗಳೂ ದೇಶವನ್ನು ಬಿಡಕೂಡದೆಂಬ ಆಜ್ಞೆ ಹೊರಟಿತು. ಹೊರಗಿನಿಂದ ಮರಳಿದವರು ಹೋಟೆಲಿನ ಕೋಣೆಯಲ್ಲಿ 14 ದಿನ ಒಂಟಿಯಾಗಿ ಕಾಲ ಕಳೆಯಬೇಕಾಯಿತು. ಜುಲೈ ತಿಂಗಳಲ್ಲಿ, ಹೀಗೆ ಮರಳುವವರ ಸಂಖ್ಯೆಗೂ ಮಿತಿ ಬಂದಿತು. ಆ ಬಾಗಿಲು ಮತ್ತೆ ತೆರೆಯಲಾರಂಭಿಸಿದುದು ಹತ್ತೊಂಬತ್ತು ತಿಂಗಳುಗಳ ಅನಂತರ.

ಈ ಕಟ್ಟುಪಾಡಿನಿಂದ ಫಲ ದೊರೆಯಲಿಲ್ಲವೆಂದು ಯಾರೂ ಹೇಳಲಾರರು. 2021ರ ಜೂನ್ ತಿಂಗಳವರೆಗೆ, ಸುಮಾರು ಎರಡೂವರೆ ಕೋಟಿ ಜನರಿರುವ ಆ ದೇಶದಲ್ಲಿ ಕೋವಿಡ್ಡಿಗೆ ಬಲಿಯಾದವರು ಸುಮಾರು 910 ಮಂದಿ ಮಾತ್ರ. ಯೂರೋಪು ಅಮೆರಿಕಗಳ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಕ್ಕದೆ ಜನರು ಪರಿತಪಿಸುತ್ತಿದ್ದ 2021ರ ಜನವರಿಯಲ್ಲಿ, ಬ್ರಿಸ್ಬೇನಿನ ಮೈದಾನದಲ್ಲಿ ಭಾರತದ ಕ್ರಿಕೆಟ್ ತಂಡವು ಗೆದ್ದ ಪಂದ್ಯವನ್ನು ಪ್ರೇಕ್ಷಕರು ಎದುರಿಗೇ ಕುಳಿತು ನೋಡಿದರು.

ಆದರೆ ಸುಖವೂ ಒಂದು ಬಗೆಯ ಅಮಲು. ರೋಗವೇ ಕಾಣದಿರುವಲ್ಲಿ ಮದ್ದಿಗೇನು ಅವಸರವೆಂಬ ಭಾವನೆ ಸರ್ಕಾರದಲ್ಲಿಯೂ ಜನರಲ್ಲಿಯೂ ನೆಲೆಸಿತು. ಲಸಿಕೆಯ ಕಾರ್ಯ ಆರಂಭವಾದುದು 2021ರ ಫೆಬ್ರವರಿಯ ಕೊನೆಯಲ್ಲಿ. ಮಾರ್ಚ್ ಮುಗಿಯುವುದರೊಳಗೆ 40 ಲಕ್ಷ ಡೋಸು ಹಾಕುವೆವೆಂದು ಸರ್ಕಾರ ಹೇಳಿದ್ದಿತು. ಆದುದು ಅದರ ಐದನೆಯ ಒಂದು ಪಾಲಿಗೂ ಕಡಮೆ. ಮೆಲ್ಬರ್ನಿನಲ್ಲಿಯೇ ತಯಾರಾಗುತ್ತಿದ್ದ ಅಸ್ಟ್ರಾಜೆನೆಕ ಲಸಿಕೆಯಿಂದ ಬಹು ಅಪರೂಪವಾಗಿ ರಕ್ತ ಹೆಪ್ಪುಗಟ್ಟುವುದುಂಟೆಂದು ಕಂಡುಬಂದಾಗ, ಐವತ್ತಕ್ಕಿಂತ ಕಿರಿಯರಿಗೆ ಫೈಜರ್ ಲಸಿಕೆಯೇ ಲೇಸೆಂದು ಏಪ್ರಿಲಿನಲ್ಲಿ ತಜ್ಞರು ಸೂಚಿಸಿದರು. ಜೂನಿನಲ್ಲಿ ಆ ವಯಸ್ಸನ್ನು ಅರವತ್ತಕ್ಕೆ ಏರಿಸಿದರು. ಫೈಜರ್ ದಾಸ್ತಾನಾದರೋ ಸಾಕಷ್ಟಿರಲಿಲ್ಲ. ಜೂನ್ ಕೊನೆಗೆ, ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗೂ ಎರಡು ಡೋಸುಗಳು ಪೂರ್ಣವಾಗಿರಲಿಲ್ಲ. ಲಸಿಕೆಯಾಗದ್ದರಿಂದ ಬಾಗಿಲು ತೆರೆಯುವಂತಿಲ್ಲ. ಬಾಗಿಲು ಭದ್ರವಾಗಿದ್ದುದರಿಂದ ಲಸಿಕೆಗೆ ಆತುರವಿಲ್ಲ. ಇಂತಹ ವಿಚಿತ್ರವಾದ ಗಂಟು ಬಿದ್ದಿದ್ದಿತು.

ಈ ಗಂಟಿನ ಬೆಲೆಯನ್ನು ತೆತ್ತವರು ಯಾರು? 2021ರ ಜನಗಣತಿಯಂತೆ ಆಸ್ಟ್ರೇಲಿಯದಲ್ಲಿ ನೆಲೆಸಿದವರ ಪೈಕಿ ಭಾರತದಲ್ಲಿ ಹುಟ್ಟಿದವರು ಸುಮಾರು 6 ಲಕ್ಷ 73 ಸಾವಿರ ಮಂದಿ. ಸಿಡ್ನಿ ಮೆಲ್ಬರ್ನ್ ನಗರಗಳಲ್ಲಿ ಕನ್ನಡಿಗರ ಮನೆಗಳಿಗೂ ಕೊರತೆಯಿಲ್ಲ. ಮಗಳಿಗೆ ಏಳು ತಿಂಗಳಾದೊಡನೆ ಮೆಂತ್ಯದ ಹಿಟ್ಟು, ಅಂಟಿನುಂಡೆಗಳ ಡಬ್ಬಿಗಳನ್ನು ಕಟ್ಟಿಕೊಂಡು ವಿಮಾನವೇರುವ ತಾಯಂದಿರು ಬೆಂಗಳೂರು ಮೈಸೂರುಗಳ ಮಧ್ಯಮ ವರ್ಗದ ಬೀದಿಗಳಲ್ಲಿ ಅನೇಕರು. ಆಸ್ಟ್ರೇಲಿಯದ ಅಂದಿನ ನಿಯಮದಲ್ಲಿ ಪತಿ ಪತ್ನಿ ಮಕ್ಕಳು ಹತ್ತಿರದ ಕುಟುಂಬವೆನಿಸಿದ್ದರು. ವಯಸ್ಕ ಪ್ರಜೆಯ ತಂದೆತಾಯಿಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಬಾಣಂತನಕ್ಕೆ ತಾಯಿ ಬರಲಾರದೆ ಹೋದುದೂ, ತಂದೆಯ ಉತ್ತರಕ್ರಿಯೆಗೆ ಮಗನು ಹೊರಡಲಾರದೆ ಹೋದುದೂ ಯಾವ ಅಂಕಿ ಅಂಶಗಳಲ್ಲಿಯೂ ದಾಖಲಾಗುವ ಸಂಗತಿಗಳಲ್ಲ.

ಭಾರತದಲ್ಲಿ ಎರಡನೆಯ ಅಲೆ ಉಕ್ಕೇರಿದಾಗ ಕಟ್ಟುಪಾಡು ಇನ್ನೂ ಬಿಗಿಯಾಯಿತು. 2021ರ ಏಪ್ರಿಲ್ 27ರಂದು ಭಾರತದಿಂದ ಹೋಗುವ ವಿಮಾನಗಳನ್ನು ಆಸ್ಟ್ರೇಲಿಯ ತಡೆಹಿಡಿಯಿತು. ಮೇ 3ರಿಂದ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ತನ್ನ ಪ್ರಜೆಗಳೇ ಆಗಿದ್ದರೂ ಒಳಗೆ ಕಾಲಿಟ್ಟರೆ ಐದು ವರ್ಷಗಳವರೆಗೆ ಸೆರೆವಾಸ ಅಥವಾ 66,600 ಡಾಲರುಗಳವರೆಗೆ ದಂಡ ವಿಧಿಸಬಹುದೆಂದು ಆಜ್ಞೆ ಮಾಡಿತು. ಭಾರತದಿಂದ ಬಂದವರಲ್ಲಿ ಸೋಂಕಿತರ ಪ್ರಮಾಣ ಹೆಚ್ಚಾಗಿ ಕ್ವಾರಂಟೈನು ವ್ಯವಸ್ಥೆ ಕುಸಿಯಬಹುದೆಂಬುದು ಸರ್ಕಾರವಿತ್ತ ಕಾರಣ. ಮರಳಲು ಹೆಸರು ಬರೆಸಿ ಭಾರತದಲ್ಲಿ ಕಾದಿದ್ದ ಆಸ್ಟ್ರೇಲಿಯನ್ನರು ಆಗ ಸುಮಾರು ಒಂಬತ್ತು ಸಾವಿರ. ಇಂಗ್ಲೆಂಡ್ ಅಮೆರಿಕಗಳು ರೋಗದ ನಡುವೆ ತತ್ತರಿಸುತ್ತಿದ್ದಾಗ ಅಲ್ಲಿಂದ ಬರುವ ಪ್ರಜೆಗಳಿಗೆ ಇಲ್ಲದ ಸೆರೆಮನೆಯ ಬೆದರಿಕೆ ಭಾರತದಿಂದ ಬರುವವರಿಗೆ ಮಾತ್ರ ಏಕೆಂಬ ಪ್ರಶ್ನೆ ಆಸ್ಟ್ರೇಲಿಯದೊಳಗೇ ಎದ್ದಿತು. ಅಲ್ಲಿಯ ಮಾನವ ಹಕ್ಕುಗಳ ಆಯೋಗವು ತನ್ನ ಕಳವಳವನ್ನು ಬಹಿರಂಗವಾಗಿಯೇ ತಿಳಿಸಿತು. ಮೇ 15ರಂದು ಆ ಆಜ್ಞೆಯ ಅವಧಿ ಮುಗಿದು ಮೊದಲ ವಿಮಾನ ಡಾರ್ವಿನ್ನಿಗೆ ಇಳಿದಾಗ, ಅದರಲ್ಲಿ ಬಂದವರು ಸುಮಾರು 80 ಮಂದಿ. ಸೋಂಕು ಕಂಡುಬಂದವರೂ ಅವರ ಸಹವಾಸಿಗಳೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಹಿಂದೆಯೇ ಉಳಿದರು.

ಗಂಟನ್ನು ಬಿಡಿಸಿದುದು ಒಂದು ಅಂಕಿ. 2021ರ ಜುಲೈ ಕೊನೆಯಲ್ಲಿ ಆಸ್ಟ್ರೇಲಿಯದ ಕೇಂದ್ರ ಸರ್ಕಾರವೂ ರಾಜ್ಯಗಳೂ ಕೂಡಿ ಒಂದು ಯೋಜನೆಯನ್ನು ಒಪ್ಪಿದುವು. ಅದಕ್ಕೆ ಲೆಕ್ಕ ಹಾಕಿಕೊಟ್ಟುದು ಮೆಲ್ಬರ್ನಿನ ಡೋಹರ್ಟಿ ಸಂಸ್ಥೆ. ಹದಿನಾರು ವರ್ಷ ತುಂಬಿದವರಲ್ಲಿ ನೂರಕ್ಕೆ 70 ಮಂದಿಗೆ ಎರಡು ಡೋಸುಗಳಾದರೆ ಊರುಗಳ ದಿಗ್ಬಂಧನವನ್ನು ಸಡಿಲಿಸಬಹುದು. ನೂರಕ್ಕೆ 80 ಆದರೆ ಲಸಿಕೆ ಪಡೆದ ಪ್ರಜೆಗಳಿಗೆ ಪರದೇಶದ ದಾರಿಯನ್ನು ತೆರೆಯಬಹುದು. ಅದೇ ಸಮಯಕ್ಕೆ ಡೆಲ್ಟ ಎಂಬ ರೂಪಾಂತರಿಯು ಕಂದಕವನ್ನು ದಾಟಿ ಒಳಹೊಕ್ಕಿದ್ದಿತು. ಸಿಡ್ನಿಯು ಜೂನ್ 26ರಿಂದ ಅಕ್ಟೋಬರ್ 11ರವರೆಗೆ ದಿಗ್ಬಂಧನದಲ್ಲಿದ್ದಿತು; ಮೆಲ್ಬರ್ನಿನವರು ಎರಡು ವರ್ಷಗಳಲ್ಲಿ ಆರು ಬಾರಿ, ಒಟ್ಟು 262 ದಿನ, ಮನೆಯೊಳಗೆ ಕುಳಿತರು. ರೋಗದ ಭಯವೂ ಬಿಡುಗಡೆಯ ಆಸೆಯೂ ಒಂದಾದೊಡನೆ ಲಸಿಕೆಯ ಕೇಂದ್ರಗಳ ಮುಂದೆ ಸಾಲುಗಳು ಬೆಳೆದುವು. ಜೂನಿನಲ್ಲಿ ಹತ್ತಕ್ಕೂ ಕೆಳಗಿದ್ದ ಅಂಕಿ ನವೆಂಬರಿನ ಮೊದಲ ವಾರದಲ್ಲಿ ಎಂಬತ್ತನ್ನು ಮುಟ್ಟಿತು.

ರಾಜ್ಯಗಳ ಮಟ್ಟದಲ್ಲಿ ಈ ಗುರಿಯನ್ನು ಮೊದಲೇ ತಲುಪಿದ್ದ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಗಳು 2021ರ ನವೆಂಬರ್ 1ರಂದು ಬಾಗಿಲು ತೆರೆದುವು. ಸಿಂಗಪುರದಿಂದಲೂ ಲಾಸ್ ಏಂಜಲೀಸಿನಿಂದಲೂ ಬಂದ ವಿಮಾನಗಳು ಅಂದು ಬೆಳಗ್ಗೆ ಸಿಡ್ನಿಯಲ್ಲಿಳಿದುವು. ಪ್ರಜೆಗಳ ತಂದೆತಾಯಿಗಳನ್ನು ಹತ್ತಿರದ ಕುಟುಂಬವೆಂದು ಎಣಿಸಲು ಆರಂಭಿಸಿದುದೂ ಅದೇ ದಿನ. ಆದರೂ ಪಶ್ಚಿಮ ಆಸ್ಟ್ರೇಲಿಯ ರಾಜ್ಯವು ತನ್ನ ಬಾಗಿಲನ್ನು 2022ರ ಮಾರ್ಚ್ 3ರವರೆಗೆ ಬಿಗಿಯಾಗಿಯೇ ಇಟ್ಟುಕೊಂಡದ್ದರಿಂದ, ಸಿಡ್ನಿಯ ನಿವಾಸಿಯು ಲಂಡನ್ನಿಗೆ ಹೋಗಬಹುದಾಗಿದ್ದಿತು. ತನ್ನ ದೇಶದ್ದೇ ಆದ ಪರ್ತ್ ನಗರಕ್ಕೆ ಸುಲಭವಾಗಿ ಹೋಗುವಂತಿರಲಿಲ್ಲ.

ಇಲ್ಲಿ ಆ ಎಂಬತ್ತು ಎಂಬ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ಹದಿನಾರು ತುಂಬಿದವರ ಲೆಕ್ಕ. ಮಕ್ಕಳನ್ನೂ ಸೇರಿಸಿಕೊಂಡರೆ ಇಡೀ ಜನಸಂಖ್ಯೆಯ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಮೇಲಾಗಿ ಅದು ಸರಾಸರಿ. ಮೂಲನಿವಾಸಿಗಳನ್ನು ಲಸಿಕೆಯ ಆದ್ಯತೆಯ ಪಟ್ಟಿಯಲ್ಲಿ ಮೊದಲೇ ಸೇರಿಸಿದ್ದರೂ, ಅವರಲ್ಲಿ ಲಸಿಕೆ ಪಡೆದವರ ಪ್ರಮಾಣ ಉಳಿದವರಿಗಿಂತ ಬಹಳ ಹಿಂದೆ ಬಿದ್ದಿದ್ದಿತು. ಡಾರ್ಲಿಂಗ್ ನದಿಯ ದಂಡೆಯಲ್ಲಿ, ಮೂಲನಿವಾಸಿಗಳೇ ಹೆಚ್ಚಾಗಿರುವ ವಿಲ್ಕೇನಿಯ ಎಂಬ ಪುಟ್ಟ ಊರಿನಲ್ಲಿ 2021ರ ಆಗಸ್ಟ್–ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಒಂದೇ ಮನೆಯಲ್ಲಿ ಹಲವು ಸಂಸಾರಗಳಿದ್ದ ಕಾರಣ ಸೋಂಕಿತರು ಬೇರೆಯಾಗಿರಲು ಜಾಗವಿಲ್ಲದೆ ಗುಡಾರಗಳಲ್ಲಿ ಮಲಗಿದರು. ಊರೆಲ್ಲಕ್ಕೂ ಮಳೆ ಬಂದಿತೆಂದು ಸರಾಸರಿ ಹೇಳುವಾಗ, ಒಣಗಿ ನಿಂತ ಹೊಲವೊಂದು ಅದರಲ್ಲಿ ಮರೆಯಾಗಿಬಿಡುತ್ತದೆ.

ಅಂಕಿಯೊಳಗೆ ಯಾರನ್ನು ಸೇರಿಸಬೇಕೆಂಬ ಪ್ರಶ್ನೆಯಂತೆಯೇ, ಯಾವ ಲಸಿಕೆಯನ್ನು ಲಸಿಕೆಯೆಂದು ಒಪ್ಪಬೇಕೆಂಬ ಪ್ರಶ್ನೆಯೂ ಇದ್ದಿತು. ಭಾರತದಲ್ಲಿ 2021ರ ಜನವರಿ 16ರಂದು ಲಸಿಕೆಯ ಕಾರ್ಯ ಆರಂಭವಾದಾಗ ಎರಡು ಲಸಿಕೆಗಳಿದ್ದುವು: ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್, ಹೈದರಾಬಾದಿನಲ್ಲಿ ತಯಾರಾದ ಕೋವ್ಯಾಕ್ಸಿನ್. ಬಹುಮಂದಿ ಹತ್ತಿರದ ಕೇಂದ್ರದಲ್ಲಿ ಅಂದು ಯಾವುದು ಇದ್ದಿತೋ ಅದನ್ನು ಹಾಕಿಸಿಕೊಂಡು ಬಂದರು. ಕೆಲವು ತಿಂಗಳುಗಳ ಮೇಲೆ ಪರದೇಶದ ಪ್ರಯಾಣದ ಮಾತು ಬಂದಾಗ, ತೋಳಿಗೆ ಚುಚ್ಚಿದ ಮದ್ದಿನ ಹೆಸರೇ ಅದೃಷ್ಟವನ್ನು ನಿರ್ಣಯಿಸುವಂತಾಯಿತು. ಆಸ್ಟ್ರೇಲಿಯವು ಕೋವಿಶೀಲ್ಡನ್ನು ಒಪ್ಪಿದುದು 2021ರ ಅಕ್ಟೋಬರ್ 1ರಂದು. ಕೋವ್ಯಾಕ್ಸಿನನ್ನು ಒಪ್ಪಿದುದು ಬಾಗಿಲು ತೆರೆದ ನವೆಂಬರ್ 1ರಂದೇ. ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಕೋವ್ಯಾಕ್ಸಿನ್ನಿಗೆ ದೊರೆತುದು ಮತ್ತೆ ಎರಡು ದಿನಗಳ ಮೇಲೆ. ಒಂದೇ ಮನೆಯ ರಾಯರಿಗೆ ಕೋವಿಶೀಲ್ಡೂ ಅವರ ಪತ್ನಿಗೆ ಕೋವ್ಯಾಕ್ಸಿನ್ನೂ ಆಗಿದ್ದರೆ, ಅಕ್ಟೋಬರ್ ತಿಂಗಳಿನಲ್ಲಿ ಆಸ್ಟ್ರೇಲಿಯದ ದೃಷ್ಟಿಗೆ ಒಬ್ಬರು ಸುರಕ್ಷಿತರು, ಇನ್ನೊಬ್ಬರು ಲಸಿಕೆಯನ್ನೇ ಕಾಣದವರು!

ಪ್ರಯಾಣಿಕರಿಂದ ಲಸಿಕೆಯ ಸರ್ಟಿಫಿಕೇಟು ಕೇಳುವುದು ಹೊಸ ಪದ್ಧತಿಯೇನೂ ಅಲ್ಲ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ನಿಯಮಗಳಂತೆ, ಹಿಂದಿನ ತಲೆಮಾರಿನವರು ಪರದೇಶಕ್ಕೆ ಹಡಗು ಹತ್ತುವಾಗ ದೇವಿ ಹಾಕಿಸಿಕೊಂಡ ಸರ್ಟಿಫಿಕೇಟನ್ನು ಪಾಸ್‌ಪೋರ್ಟಿನ ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಸಿಡುಬು ಲೋಕದಿಂದಲೇ ತೊಲಗಿದುದನ್ನು 1980ರಲ್ಲಿ ಸಾರಲಾಯಿತು. ಹಳದಿ ಜ್ವರದ ಸರ್ಟಿಫಿಕೇಟು ಇಂದಿಗೂ ಉಳಿದಿದೆ. ಆದರೆ ಕೋವಿಡ್ ಲಸಿಕೆಯ ಸರ್ಟಿಫಿಕೇಟನ್ನು ಪ್ರಯಾಣಕ್ಕೆ ಕಡ್ಡಾಯ ಮಾಡಬೇಡಿರೆಂದು ಆ ಸಂಸ್ಥೆಯ ತುರ್ತು ಸಮಿತಿಯೇ 2021ರ ಜನವರಿಯಲ್ಲಿ ಸಲಹೆಯಿತ್ತಿದ್ದಿತು. ಲಸಿಕೆಯು ಸೋಂಕಿನ ಹರಡುವಿಕೆಯನ್ನು ಎಷ್ಟು ತಡೆಯುತ್ತದೆಂಬುದು ಆಗ ತಿಳಿದಿರಲಿಲ್ಲ. ಲಸಿಕೆಯ ದಾಸ್ತಾನೂ ಎಲ್ಲರಿಗೆ ಸಾಲುವಷ್ಟಿರಲಿಲ್ಲ. ಆ ವರ್ಷ ಮುಗಿಯುವಾಗಲೂ ಅತಿ ಬಡ ದೇಶಗಳಲ್ಲಿ ಒಂದು ಡೋಸನ್ನಾದರೂ ಪಡೆದವರು ನೂರಕ್ಕೆ ಹತ್ತು ಮಂದಿಗಿಂತ ಕಡಮೆ. ಇಲ್ಲದವನಿಂದ ಚೀಟಿ ಕೇಳಿದರೆ ಅವನು ಎಲ್ಲಿಂದ ತಂದಾನು?

ಸಲಹೆಯ ಮೊದಲನೆಯ ಸಂದೇಹವೂ ಬೇಗನೆ ನಿಜವಾಯಿತು. 2021ರ ನವೆಂಬರ್ 26ರಂದು ಒಮಿಕ್ರಾನ್ ಎಂಬ ರೂಪಾಂತರಿಗೆ ನಾಮಕರಣವಾಯಿತು. ಡಿಸೆಂಬರ್ 1ರಂದು ವಿದ್ಯಾರ್ಥಿಗಳನ್ನೂ ಕುಶಲ ಕೆಲಸಗಾರರನ್ನೂ ಬರಮಾಡಿಕೊಳ್ಳಲಿದ್ದ ಆಸ್ಟ್ರೇಲಿಯವು ಆ ದಿನವನ್ನು ಡಿಸೆಂಬರ್ 15ಕ್ಕೆ ಮುಂದೂಡಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿಯೇ ಪ್ರಕಟವಾದುವು. ಇಬ್ಬರೂ ಎರಡು ಡೋಸುಗಳನ್ನು ಪಡೆದಿದ್ದವರು. ಒಬ್ಬರು ಹೊರನಾಡಿನಿಂದ ಬಂದವರು, ಮತ್ತೊಬ್ಬರು ಪರದೇಶಕ್ಕೆ ಪ್ರಯಾಣವನ್ನೇ ಮಾಡಿರದ ಬೆಂಗಳೂರಿನ ನಿವಾಸಿ. ಸರ್ಟಿಫಿಕೇಟಿನ ಕಾವಲು ಈ ಸೋಂಕನ್ನು ತಡೆಯಲಾರದೆಂಬುದು ಅಷ್ಟರಲ್ಲಿಯೇ ಕಂಡುಬಂದಿತು. 2022ರ ಜನವರಿ 16ರಂದು ಲಸಿಕೆ ಪಡೆಯದ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ವೀಸಾ ರದ್ದಾಗಿ ಆಸ್ಟ್ರೇಲಿಯದಿಂದ ಹೊರಹೋದಾಗ, ಆ ದೇಶದೊಳಗೆ ದಿನವೊಂದಕ್ಕೆ ಹತ್ತಾರು ಸಾವಿರ ಜನರಿಗೆ ಸೋಂಕು ತಗಲುತ್ತಿದ್ದಿತು.

ಹಾಗಾದರೆ ಎಂಬತ್ತರ ಲೆಕ್ಕ ಸುಳ್ಳಾಯಿತೇ? ಹಾಗೆ ಹೇಳುವುದು ಅನ್ಯಾಯ. 2022ರಲ್ಲಿ ಕೋವಿಡ್ ಆಸ್ಟ್ರೇಲಿಯದ ಸಾವುಗಳ ಕಾರಣಗಳಲ್ಲಿ ಮೂರನೆಯ ಸ್ಥಾನಕ್ಕೇರಿ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಇದು ಸಣ್ಣ ಸಂಖ್ಯೆಯಲ್ಲ. ಆದರೆ ದೇಶದ ಬಹುಪಾಲು ಜನರಿಗೆ ತಗಲಿದ ರೋಗವೊಂದು, ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದಿದ್ದ ಸಮಾಜಕ್ಕೆ ಬಂದಿತೆಂಬುದನ್ನು ಮರೆಯಲಾಗದು. ಅದೇ ಅಲೆ ಒಂದು ವರ್ಷ ಮೊದಲು, ಲಸಿಕೆಯಿಲ್ಲದ ಮೈಗಳ ಮೇಲೆ ಬಂದಿದ್ದರೆ ಸಾವು ಇದರ ಹಲವು ಪಾಲಾಗುತ್ತಿದ್ದಿತು. ಲಸಿಕೆಯು ಬಾಗಿಲಿನ ಬೀಗದಂತೆ ರೋಗವನ್ನು ಹೊರಗೆ ನಿಲ್ಲಿಸಲಿಲ್ಲ; ಮಳೆಗಾಲದ ಕೊಡೆಯಂತೆ ಹಿಡಿದವರನ್ನು ಕಾಪಾಡಿತು. ಕಾಲು ನೆನೆಯಿತೆಂದು ಕೊಡೆಯನ್ನು ಬಿಸಾಡುವ ಜಾಣರು ಎಲ್ಲಿಯೂ ಇಲ್ಲ.

2022ರ ಫೆಬ್ರವರಿ 21ರಂದು ಲಸಿಕೆ ಪಡೆದ ಪ್ರವಾಸಿಗರೆಲ್ಲರಿಗೂ ಆಸ್ಟ್ರೇಲಿಯ ತೆರೆಯಿತು. ಜುಲೈ 6ರಿಂದ ಲಸಿಕೆಯ ವಿಚಾರಣೆಯನ್ನೂ ಕೈಬಿಟ್ಟಿತು. ಭಾರತವು ತನ್ನ ನಿಯತವಾದ ಅಂತರರಾಷ್ಟ್ರೀಯ ವಿಮಾನ ಸಂಚಾರವನ್ನು 2022ರ ಮಾರ್ಚ್ 27ರಂದು ಮರಳಿ ಆರಂಭಿಸಿದ್ದಿತು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಆಸ್ಟ್ರೇಲಿಯದ ವಿಚಾರಣಾ ವರದಿಯು, ಜನರ ವಿಶ್ವಾಸ ಕುಂದಿದೆಯೆಂದೂ ಅಂತಹ ಬಿಗಿಯಾದ ಕ್ರಮಗಳನ್ನು ಅವರು ಮತ್ತೊಮ್ಮೆ ಒಪ್ಪುವುದು ಸಂದೇಹವೆಂದೂ ಹೇಳಿತು.

ಮುಂದೆ ಇನ್ನೊಂದು ಮಹಾಮಾರಿ ಬಂದೇ ಬರುವುದೆಂದು ವೈದ್ಯಲೋಕ ಎಚ್ಚರಿಸುತ್ತಲೇ ಇದೆ. ಆಗಲೂ ಗಡಿಗಳು ಮುಚ್ಚಬಹುದು, ಲಸಿಕೆಗಳು ಬರಬಹುದು, ಮತ್ತೊಂದು ಅಂಕಿಯನ್ನು ಗುರಿಯಾಗಿಡಬಹುದು. ಗುರಿ ಎಪ್ಪತ್ತೋ ಎಂಬತ್ತೋ ಎಂಬುದನ್ನು ತಜ್ಞರು ತೀರ್ಮಾನಿಸಲಿ. ಆ ನೂರರೊಳಗೆ ಯಾರು ಸೇರಿದ್ದಾರೆ, ಉಳಿದ ಇಪ್ಪತ್ತು ಮಂದಿ ಯಾವ ಕೇರಿಯವರು, ಯಾರ ಲಸಿಕೆಗೆ ಮನ್ನಣೆಯುಂಟು, ಹೆತ್ತ ತಾಯಿ ಕುಟುಂಬದವಳೋ ಅಲ್ಲವೋ, ಸಂಕಟದಲ್ಲಿರುವ ಸ್ವಂತ ಪ್ರಜೆಗೆ ಮನೆಯ ಬಾಗಿಲು ತೆರೆದಿರಬೇಕೋ ಬೇಡವೋ ಎಂಬ ಪ್ರಶ್ನೆಗಳಿಗೆ ಮಾತ್ರ ತಜ್ಞರ ಗಣಿತವೊಂದೇ ಉತ್ತರ ಕೊಡಲಾರದು. ಅವುಗಳನ್ನು ರೋಗ ಬರುವುದಕ್ಕೆ ಮುಂಚೆ, ಭಯವಿಲ್ಲದ ದಿನಗಳಲ್ಲಿಯೇ, ಸಮಾಜವು ಕುಳಿತು ಯೋಚಿಸಿಟ್ಟುಕೊಳ್ಳುವುದು ಮೇಲು.