ಬಿಲ್ಲು, ಚಪ್ಪಲಿ ಮತ್ತು ಅಳತೆಯ ಪ್ರಶ್ನೆ

ಮೂವತ್ತೈದು ವರ್ಷ ಸರ್ಕಾರಿ ಸೇವೆಯಲ್ಲಿದ್ದವನಿಗೆ ‘ಬಿಲ್ಲು’ ಎಂದೊಡನೆ ನೆನಪಾಗುವುದು ಖಜಾನೆಗೆ ಹೋಗುವ ಬಿಲ್ಲೇ ಹೊರತು ಅರ್ಜುನನ ಬಿಲ್ಲಲ್ಲ. ನನ್ನ ಮಟ್ಟಿಗೆ ಈ ಅಭ್ಯಾಸ ತಪ್ಪಿದ್ದು 2024ರ ಸೆಪ್ಟೆಂಬರ್ 2ರಂದು. ಅಂದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಕಾಂಪೌಂಡ್ ಬಿಲ್ಲುಗಾರಿಕೆಯ ಮಿಶ್ರ ತಂಡ ವಿಭಾಗದಲ್ಲಿ ಶೀತಲ್ ದೇವಿ ಮತ್ತು ರಾಕೇಶ್ ಕುಮಾರ್ ಜೋಡಿ ಇಟಲಿಯನ್ನು 156–155ರಿಂದ ಸೋಲಿಸಿ ಕಂಚಿನ ಪದಕ ಗೆದ್ದಿತು. ಜಮ್ಮು–ಕಾಶ್ಮೀರದ ಕಿಶ್ತವಾರ್ ಜಿಲ್ಲೆಯ ಶೀತಲ್‌ಗೆ ಆಗ 17 ವರ್ಷ. ಹುಟ್ಟಿನಿಂದಲೇ ಎರಡೂ ತೋಳುಗಳಿಲ್ಲ. ಆಕೆ ಕುರ್ಚಿಯಲ್ಲಿ ಕುಳಿತು, ಬಲಗಾಲಿನಿಂದ ಬಿಲ್ಲನ್ನು ಹಿಡಿದು, ಭುಜಕ್ಕೆ ಕಟ್ಟಿದ ಕೊಂಡಿಗೆ ಹೆದೆಯನ್ನು ಸಿಕ್ಕಿಸಿ, ಕಾಲನ್ನು ಮುಂದಕ್ಕೆ ಚಾಚುತ್ತಾ ಹೆದೆಯನ್ನು ಸೆಳೆಯುತ್ತಾರೆ. ದವಡೆಯ ಸಣ್ಣ ಚಲನೆಯೊಂದರಿಂದ ಬಾಣ ಬಿಡುತ್ತಾರೆ.

ಅದನ್ನು ದೂರದರ್ಶನದಲ್ಲಿ ನೋಡುವಾಗ ನನ್ನ ಗಮನ ಬಾಣಕ್ಕಿಂತ ಆ ಕಾಲಿನ ಮೇಲೆ ಹೆಚ್ಚಾಗಿತ್ತು. ಅದಕ್ಕೆ ಸ್ವಂತದ ಕಾರಣವೊಂದಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಬಿಲ್ಲಿನ ವಿಚಾರ.

ಸಾಮಾನ್ಯ ಬಿಲ್ಲು ಒಂದು ಸ್ಪ್ರಿಂಗಿನಂತೆ. ಸೆಳೆದಷ್ಟೂ ಬಿಗಿಯಾಗುತ್ತದೆ. ಬಿಲ್ಲುಗಾರ ಉಸಿರು ಹಿಡಿದು ಗುರಿ ನೋಡಬೇಕಾದ ಗಳಿಗೆಯಲ್ಲೇ ಅವನ ತೋಳಿನ ಮೇಲೆ ಅತ್ಯಂತ ಹೆಚ್ಚಿನ ಭಾರ ಬೀಳುತ್ತದೆ. ಸಾವಿರಾರು ವರ್ಷಗಳ ಕಾಲ ಜಗತ್ತು ಇದನ್ನು ಬಿಲ್ಲಿನ ಸ್ವಭಾವವೆಂದೇ ಒಪ್ಪಿಕೊಂಡಿತ್ತು. ಒಪ್ಪದಿದ್ದವರು ಅಮೆರಿಕದ ಮಿಸ್ಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್. ಅವರು ಬಿಲ್ಲಿನ ತುದಿಗಳಿಗೆ ಪುಟ್ಟ ರಾಟೆಗಳನ್ನು ಕೂರಿಸಿದರು. ಅವುಗಳ ಅಚ್ಚನ್ನು ನಡುವಿನಲ್ಲಿ ಇಡದೆ ಒಂದು ಪಕ್ಕಕ್ಕೆ ಸರಿಸಿದರು. ಇಡೀ ಆವಿಷ್ಕಾರದ ಜೀವಾಳ ಇಷ್ಟೇ. ಅಚ್ಚು ಪಕ್ಕಕ್ಕಿರುವುದರಿಂದ ರಾಟೆ ತಿರುಗಿದಂತೆ ಸನ್ನೆಯ ಉದ್ದ ಬದಲಾಗುತ್ತದೆ. ಸೆಳೆತದ ನಡುವಿನಲ್ಲಿ ಭಾರ ಗರಿಷ್ಠ ಮಟ್ಟ ಮುಟ್ಟುತ್ತದೆ, ಪೂರ್ತಿ ಸೆಳೆದಾಗ ತಟ್ಟನೆ ಇಳಿಯುತ್ತದೆ. ಇಂದಿನ ಕಾಂಪೌಂಡ್ ಬಿಲ್ಲುಗಳಲ್ಲಿ ಈ ಇಳಿಕೆ ಸಾಮಾನ್ಯವಾಗಿ ಶೇ 65ರಿಂದ 80ರಷ್ಟು. ಐವತ್ತು ಪೌಂಡಿನ ಬಿಲ್ಲನ್ನು ಸೆಳೆದು ಹಿಡಿದಿರಲು ಹತ್ತರಿಂದ ಹದಿನೇಳೂವರೆ ಪೌಂಡಿನ ಬಲ ಸಾಕು. ಆದರೂ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಕಡಿಮೆಯಾಗುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ರೇಖೆಯ ಕೆಳಗಿನ ವಿಸ್ತೀರ್ಣವನ್ನು ಲೆಕ್ಕ ಹಾಕಿ ಬೆಳೆದ ನನಗೆ ಈ ಬಿಲ್ಲಿನ ನಕ್ಷೆ ನೋಡಿದಾಗ ಹಳೆಯ ಸ್ನೇಹಿತನನ್ನು ಕಂಡಂತಾಯಿತು.

ಅಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರ ಡಿಸೆಂಬರ್‌ನಲ್ಲಿ ಅದು ದೊರೆಯಿತು. ಬಿಲ್ಲು ತಯಾರಿಸುವ ಕಂಪನಿಗಳೊಂದಿಗೆ ದೀರ್ಘಕಾಲ ವ್ಯಾಜ್ಯ ನಡೆಯಿತು. ಅಲೆನ್ 1979ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಪೇಟೆಂಟ್ ಸಿಂಧುವೆಂದು ಮೇಲಿನ ನ್ಯಾಯಾಲಯಗಳು ಎತ್ತಿಹಿಡಿದದ್ದು ಎಂಬತ್ತರ ದಶಕದಲ್ಲಿ.

ಇದೇ ಕಾಲದಲ್ಲಿ ಇನ್ನೊಬ್ಬ ಅಮೆರಿಕನ್ನರು ಪಾದದ ಕೆಳಗಿನ ಭಾರದ ಬಗ್ಗೆ ಯೋಚಿಸುತ್ತಿದ್ದರು. ಮರಿಯನ್ ಫ್ರಾಂಕ್ಲಿನ್ ರೂಡಿ ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿದ್ದ ಎಂಜಿನಿಯರ್. ಶೂನ ಅಟ್ಟೆಯೊಳಗೆ ಅನಿಲ ತುಂಬಿದ ಚೀಲ ಇಡುವುದು ಅವರ ಆಲೋಚನೆ. ಚೀಲ ಮಾಡುವುದು ಕಷ್ಟವಲ್ಲ. ಸೈಕಲ್ ಟ್ಯೂಬಿನಂತೆ ಅದು ಕೆಲವೇ ವಾರಗಳಲ್ಲಿ ಸೊರಗದಂತೆ ನೋಡಿಕೊಳ್ಳುವುದು ಕಷ್ಟ. ರೂಡಿ ದೊಡ್ಡ ಅಣುಗಳುಳ್ಳ ಅನಿಲವನ್ನು ಆರಿಸಿಕೊಂಡರು. ಅದು ಪೊರೆಯನ್ನು ದಾಟಿ ಸುಲಭವಾಗಿ ಹೊರಹೋಗದು. ಹೊರಗಿನ ಗಾಳಿ ಮಾತ್ರ ನಿಧಾನವಾಗಿ ಒಳಬರುತ್ತದೆ. ಹೀಗಾಗಿ ವರ್ಷಗಟ್ಟಲೆ ಒತ್ತಡ ಉಳಿಯುತ್ತದೆ. ಹಲವು ಪಾದರಕ್ಷೆ ಕಂಪನಿಗಳು ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದವು. 1977ರಲ್ಲಿ ನೈಕಿ ಕಂಪನಿ ಆಸಕ್ತಿ ತೋರಿತು. ಪೇಟೆಂಟ್ ಬಂದದ್ದು 1980ರ ಜನವರಿಯಲ್ಲಿ. ಮುಂದಿನ ಕಥೆ ನಮ್ಮ ಮೊಮ್ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಚೀಲಗಳಲ್ಲಿ ಬಹುಕಾಲ ಬಳಕೆಯಾದ ಸಲ್ಫರ್ ಹೆಕ್ಸಾಫ್ಲೋರೈಡ್, ಇಂಗಾಲದ ಡೈ ಆಕ್ಸೈಡ್‌ಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಪ್ರಬಲವಾಗಿ ಭೂಮಿಯನ್ನು ಬಿಸಿಮಾಡುವ ಅನಿಲ. 2006ರ ಹೊತ್ತಿಗೆ ಅದನ್ನು ಕೈಬಿಟ್ಟು ಸಾರಜನಕಕ್ಕೆ ಬದಲಾಯಿಸಲಾಯಿತು. ಓಟಗಾರನ ಹಿಮ್ಮಡಿಗೆ ದೊರೆತ ಸುಖದ ಬೆಲೆಯನ್ನು ಆತನಲ್ಲದೆ ಬೇರೆಯವರೂ ತೆರುತ್ತಿದ್ದರು.

ನಮ್ಮಲ್ಲಿ ಆವಿಷ್ಕಾರದ ಮಾತು ಬಂದಾಗಲೆಲ್ಲ ಚರ್ಚೆ ಪೇಟೆಂಟಿಗೆ ಬಂದು ನಿಲ್ಲುತ್ತದೆ. 1970ರ ಕಾಯ್ದೆ, 2005ರ ತಿದ್ದುಪಡಿ, ಔಷಧಗಳ ಬೆಲೆ ಇವೆಲ್ಲ ಮುಖ್ಯವಾದ ವಿಷಯಗಳೇ. ಆದರೆ ಅಲೆನ್ ಮತ್ತು ರೂಡಿ ಅವರ ಆ ಮೂಲ ಪೇಟೆಂಟ್‌ಗಳ ಅವಧಿ ಮುಗಿದು ದಶಕಗಳಾಗಿವೆ. ಓರೆ ಅಚ್ಚಿನ ರಾಟೆಯನ್ನು ಇಂದು ಯಾರು ಬೇಕಾದರೂ ಮಾಡಬಹುದು. ಮೆತ್ತನೆಯ ಪಾದಾಧಾರದ ವಿಷಯದಲ್ಲಂತೂ ಬಡವರಿಗೆ ಅತ್ಯಂತ ಉಪಯುಕ್ತವಾದ ಚಪ್ಪಲಿ ಬೆಳೆದು ಬಂದದ್ದು ಲಾಭದ ಲೆಕ್ಕಾಚಾರದಿಂದಲ್ಲ, ಆಸ್ಪತ್ರೆಗಳಿಂದ. ಅದೂ ನಮ್ಮ ನೆರೆಯಲ್ಲೇ, ವೆಲ್ಲೂರಿನಂಥ ಕಡೆಗಳಲ್ಲಿ.

ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಶಸ್ತ್ರಚಿಕಿತ್ಸಕರಾಗಿ ಬಂದರು. ಕುಷ್ಠರೋಗವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂದು ಆಗ ವೈದ್ಯರಲ್ಲೂ ಬಹುಮಂದಿ ನಂಬಿದ್ದರು. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಸಿಯುತ್ತದೆ, ಆಮೇಲಿನ ಹಾನಿಯೆಲ್ಲ ಅರಿವಿಲ್ಲದ ಅಂಗಕ್ಕೆ ಆಗುವ ಗಾಯಗಳಿಂದ ಎಂಬುದನ್ನು ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ನಾನೂ ನೀವೂ ಎರಡು ಮೈಲಿ ನಡೆದರೆ, ಅಂಗಾಲಿನ ಒಂದು ಜಾಗ ಉರಿಯತೊಡಗಿದೊಡನೆ ಅರಿವಿಲ್ಲದೆಯೇ ಹೆಜ್ಜೆಯನ್ನು ಕೊಂಚ ಬದಲಿಸುತ್ತೇವೆ. ಸ್ಪರ್ಶಜ್ಞಾನ ಹೋದ ಪಾದ ಹಾಗೆ ಬದಲಿಸುವುದಿಲ್ಲ. ಸಾವಿರ ಹೆಜ್ಜೆಗಳ ಭಾರವೂ ಅದೇ ಎಲುಬಿನ ಕೆಳಗೆ, ಅದೇ ಬಿಂದುವಿನ ಮೇಲೆ ಬೀಳುತ್ತದೆ. ಅಲ್ಲಿ ಹುಣ್ಣಾಗುತ್ತದೆ. ಹುಣ್ಣು ಎಲುಬಿಗೆ ಇಳಿದರೆ ಕಾಲು ಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಮೈಕ್ರೋಸೆಲ್ಯುಲರ್ ರಬ್ಬರಿನ ಒಳಅಟ್ಟೆಯ ಪಾದರಕ್ಷೆ. ಇಲಾಖೆಯ ಭಾಷೆಯಲ್ಲಿ ಎಂ.ಸಿ.ಆರ್. ಚಪ್ಪಲಿ. ಸೂಕ್ಷ್ಮ ಗಾಳಿಗುಳ್ಳೆಗಳಿಂದ ತುಂಬಿದ ಈ ರಬ್ಬರು ಪಾದದ ಆಕಾರಕ್ಕೆ ತಗ್ಗಿ ಭಾರವನ್ನು ಹರಡುತ್ತದೆ. ಅದರ ಮೃದುತ್ವಕ್ಕೊಂದು ಮಾಪನವಿದೆ. ಶೋರ್ ಮಾಪಕದಲ್ಲಿ ಸುಮಾರು 15 ಡಿಗ್ರಿ ಇರಬೇಕು. ಬಹಳ ಮೆತ್ತಗಿದ್ದರೆ ನೆಲಕಚ್ಚುತ್ತದೆ, ಗಟ್ಟಿಯಿದ್ದರೆ ಉಪಯೋಗವಿಲ್ಲ. ಮುಳ್ಳು ನಾಟದಂತೆ ಕೆಳಗೆ ಗಟ್ಟಿ ಅಟ್ಟೆ ಬೇಕು. ಮೊಳೆ ಹೊಡೆಯುವಂತಿಲ್ಲ, ಮೊಳೆ ಮೇಲೆದ್ದು ಚುಚ್ಚಿದರೂ ತೊಟ್ಟವನಿಗೆ ತಿಳಿಯದು. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಏಕೆಂದರೆ ಅರಿವಿಲ್ಲದ ಬೆರಳುಗಳಿಗೆ ಉಂಗುಷ್ಠವನ್ನು ಹಿಡಿದುಕೊಳ್ಳಲಾಗದು.

2001ರಲ್ಲಿ ನಾನು ಉತ್ತರ ಕರ್ನಾಟಕದ ಜಿಲ್ಲಾ ಪಂಚಾಯಿತಿಯೊಂದರ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿದ್ದೆ. ಮೇಲಿನ ಸಂಗತಿಗಳಲ್ಲಿ ಒಂದೂ ಆಗ ನನಗೆ ತಿಳಿದಿರಲಿಲ್ಲ. ಎಂ.ಸಿ.ಆರ್. ಚಪ್ಪಲಿಗಳ ಖರೀದಿಯ ಕಡತ ನನ್ನ ಮೇಜಿಗೆ ಬಂತು. ತಾಂತ್ರಿಕ ವಿವರಣೆಯ ಕಾಲಂನಲ್ಲಿ ಇದ್ದುದು ಗಂಡಸರದು, ಹೆಂಗಸರದು, ಮೂರು ಅಳತೆ, ಬಣ್ಣ ಕಪ್ಪು ಎಂಬಷ್ಟು ಮಾತ್ರ. ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಅಧಿನಿಯಮ ಜಾರಿಗೆ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಕಡಿಮೆ ದರ ಬಿಟ್ಟು ಬೇರೆ ಯಾವುದನ್ನು ಆರಿಸಿದರೂ ನಾಳೆ ವಿವರಣೆ ಕೊಡಬೇಕಾದೀತೆಂಬ ಅಂಜಿಕೆ ಎಲ್ಲರಲ್ಲೂ ಇತ್ತು. ಕೆಳಗಿನ ಎರಡು ದರಗಳ ನಡುವಿನ ವ್ಯತ್ಯಾಸ ಜೊತೆಯೊಂದಕ್ಕೆ ಹತ್ತು ಹನ್ನೆರಡು ರೂಪಾಯಿ. ಮಾದರಿಗಳನ್ನು ತಂದಿದ್ದ ಕುಷ್ಠರೋಗ ನಿಯಂತ್ರಣ ಘಟಕದ ಹಿರಿಯ ನೌಕರರೊಬ್ಬರು ಕಡಿಮೆ ದರದ ಚಪ್ಪಲಿಯ ಮೇಲೆ ಹೆಬ್ಬೆರಳು ಒತ್ತಿ ತೋರಿಸಿ, ‘ಇದು ಇಳಿಯಾಂಗಿಲ್ರಿ ಸರ್’ ಎಂದರು. ನಾನು ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ ಎಂದೆ. ಹೆಬ್ಬೆರಳಿನ ಅನುಭವವನ್ನು ಟಿಪ್ಪಣಿಯಲ್ಲಿ ಹೇಗೆ ಬರೆಯುವುದು? ಅವರು ಬರೆಯಲಿಲ್ಲ. ನಾನು ಅನುಮೋದಿಸಿದೆ.

ಐದಾರು ತಿಂಗಳ ನಂತರ ಹಳ್ಳಿಯೊಂದಕ್ಕೆ ಹೋಗಿದ್ದಾಗ ಫಲಾನುಭವಿಗಳ ಪಟ್ಟಿಯಲ್ಲಿದ್ದ ಒಬ್ಬ ವೃದ್ಧರ ಮನೆಗೆ ಹೋದೆ. ಚಪ್ಪಲಿಗಳು ಗೋಡೆಯ ಗೂಡಿನಲ್ಲಿ ಹೊಸದಾಗಿಯೇ ಇದ್ದವು. ಅವರ ಎಡ ಪಾದಕ್ಕೆ ಬಟ್ಟೆ ಸುತ್ತಿತ್ತು, ಬಟ್ಟೆ ಒದ್ದೆಯಾಗಿತ್ತು. ಏಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದೆ. ‘ಕಾಲಾಗ ನಿಲ್ಲೂದಿಲ್ರಿ ಸಾಹೇಬ್ರ. ಮ್ಯಾಲ ಅದನ್ನ ಮೆಟ್ಟಿಕೊಂಡ್ ಹೊಂಟ್ರ ಯಾವ ರೋಗ ಅಂತ ಊರಿಗೆಲ್ಲ ಗೊತ್ತಾಗತೈತಿ’ ಎಂದರು. ಆ ಖರೀದಿಯ ಬಗ್ಗೆ ಲೆಕ್ಕ ಪರಿಶೋಧಕರಿಂದ ಒಂದೇ ಒಂದು ಆಕ್ಷೇಪಣೆಯೂ ಬರಲಿಲ್ಲ. ನಾನು ಸೇವೆಯಲ್ಲಿ ಮಾಡಿದ ಅತ್ಯಂತ ಕ್ರಮಬದ್ಧ ಖರೀದಿಗಳಲ್ಲಿ ಅದೂ ಒಂದು.

ಈಗ ಕಾಂಪೌಂಡ್ ಬಿಲ್ಲಿನತ್ತ ಮತ್ತೆ ನೋಡೋಣ. ಅದರ ಭಾರ ಇಳಿಯುವುದು ಸೆಳೆತದ ಒಂದು ನಿಶ್ಚಿತ ಉದ್ದದಲ್ಲಿ ಮಾತ್ರ. ಬಿಲ್ಲುಗಾರನ ಅಳತೆಗಿಂತ ಅದು ಒಂದು ಅಂಗುಲ ಉದ್ದವಿದ್ದರೆ ಇಳಿಕೆಯ ಸುಖ ಅವನಿಗೆ ಪೂರ್ತಿ ಸಿಗದು, ಗಿಡ್ಡವಿದ್ದರೆ ಅವನ ನಿಲುವೇ ಕೆಡುತ್ತದೆ. ಆದ್ದರಿಂದ ಒಳ್ಳೆಯ ಬಿಲ್ಲನ್ನು ಕೊಂಡರೆ ಕೆಲಸ ಮುಗಿಯುವುದಿಲ್ಲ. ತಿಳಿದವರು ಕುಳಿತು ರಾಟೆಯ ಅಳತೆ, ಹೆದೆಯ ಉದ್ದ, ಕೊಂಡಿಯ ಜಾಗ ಎಲ್ಲವನ್ನೂ ಆ ಒಬ್ಬ ವ್ಯಕ್ತಿಗೆ ಹೊಂದಿಸಬೇಕು. ಕೃತಕ ಕೈಗಳು ಶೀತಲ್‌ಗೆ ಒಗ್ಗಲಿಲ್ಲವೆಂದು ವರದಿಯಾಗಿತ್ತು. ಕಟ್ರಾದಲ್ಲಿ ಆಕೆಯ ತರಬೇತುದಾರರು ಬಿಲ್ಲನ್ನೂ ಭುಜದ ಕೊಂಡಿಯನ್ನೂ ಆಕೆಯ ದೇಹಕ್ಕೆ ಹೊಂದಿಸಿದರು. ಅಲೆನ್ ಅವರ ಆವಿಷ್ಕಾರ ಶೀತಲ್ ವಿಷಯದಲ್ಲಿ ಪೂರ್ಣಗೊಂಡದ್ದು ಅಲ್ಲಿ. ಸರ್ಕಾರ ವಸ್ತುವನ್ನು ಖರೀದಿಸಬಲ್ಲದು, ಹಂಚಬಲ್ಲದು, ಹಂಚಿದ ಫೋಟೊ ತೆಗೆಸಬಲ್ಲದು. ಹೊಂದಿಸುವ ಕೆಲಸಕ್ಕೆ ಮಾತ್ರ ನಮ್ಮಲ್ಲಿ ಲೆಕ್ಕ ಶೀರ್ಷಿಕೆಯೇ ಇಲ್ಲ.

ಇದು ಅಳಿದುಳಿದ ರೋಗವೊಂದರ ಹಳೆಯ ಕಥೆ ಎಂದು ಓದುಗರು ಭಾವಿಸಬಾರದು. ದೇಶದ ಮಟ್ಟದಲ್ಲಿ ಕುಷ್ಠರೋಗವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆಯಾಯಿತೆಂದು 2005ರ ಕೊನೆಯಲ್ಲೇ ಹೇಳಿದ್ದೇವೆ. 2022–23ರಲ್ಲೂ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗಿದ್ದರು. ಅದಕ್ಕಿಂತ ಮಿಗಿಲಾಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ದೀರ್ಘಕಾಲದ ಸಕ್ಕರೆ ಕಾಯಿಲೆಯೂ ಪಾದದ ನರಗಳನ್ನು ಅದೇ ರೀತಿ ಕೆಡಿಸುತ್ತದೆ. ಹುಣ್ಣಾಗುವ ಜಾಗವೂ ಅದೇ, ಬೇಕಾದ ಚಪ್ಪಲಿಯೂ ಬಹುಮಟ್ಟಿಗೆ ಅದೇ.

ನನ್ನ ಸ್ವಂತ ಕಾರಣಕ್ಕೆ ಈಗ ಬರುತ್ತೇನೆ. ಪ್ಯಾರಿಸ್ ಪಂದ್ಯಕ್ಕೆ ಎರಡು ವಾರ ಮೊದಲು ವೈದ್ಯರು ನನ್ನನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ನೈಲಾನ್ ಎಳೆಯೊಂದರಿಂದ ಅಂಗಾಲನ್ನು ಮುಟ್ಟುತ್ತಾ ಹೋದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ತಾಗಿದಾಗ ಹೇಳಬೇಕು. ಪರೀಕ್ಷೆ ಮುಗಿಯಿತೇ ಎಂದು ನಾನು ಕೇಳಿದಾಗ ಅವರು ಬಲಗಾಲಿನ ಹೆಬ್ಬೆರಳಿನ ಬುಡವನ್ನು ಇನ್ನೂ ಮುಟ್ಟುತ್ತಲೇ ಇದ್ದರು. ಹದಿನೆಂಟು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆ. ರಕ್ತಪರೀಕ್ಷೆಗಳು ಲೆಕ್ಕವಿಲ್ಲದಷ್ಟು ಆಗಿವೆ. ಕಾಲುಚೀಲ ತೆಗೆಯಿರಿ ಎಂದ ಮೊದಲ ವೈದ್ಯರು ಇವರು.

ನಾನು ಬೆಂಗಳೂರಿನಲ್ಲಿದ್ದೇನೆ, ಪಿಂಚಣಿ ಇದೆ. ಪಾದದ ಅಚ್ಚು ತೆಗೆಸಿ ಚಪ್ಪಲಿ ಮಾಡಿಸಿಕೊಂಡೆ. ತಾಲ್ಲೂಕು ಕೇಂದ್ರದಲ್ಲಿರುವ ಮಧುಮೇಹಿಗೆ ಈ ಅನುಕೂಲ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಹೊಸ ಆವಿಷ್ಕಾರವಾಗಲಿ, ವಿದೇಶಿ ತಂತ್ರಜ್ಞಾನವಾಗಲಿ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆಗೆ ಬಂದವರ ಪಾದವನ್ನು ಆ ನೈಲಾನ್ ಎಳೆಯಿಂದ ವರ್ಷಕ್ಕೊಮ್ಮೆ ಮುಟ್ಟಿ ನೋಡಬೇಕು. ಐದು ನಿಮಿಷದ ಕೆಲಸ. ಟೆಂಡರಿನಲ್ಲಿ ರಬ್ಬರಿನ ಶೋರ್ ಅಂಕಿಯನ್ನು ನಮೂದಿಸಿ, ಸರಬರಾಜಾದ ಮಾಲನ್ನು ಅಂಗೈಯಲ್ಲಿ ಹಿಡಿಯಬಹುದಾದ ಆ ಮಾಪಕದಿಂದ ಅಳೆಯಬೇಕು. ಪಾರದರ್ಶಕತೆಯ ಕಾನೂನು ಇದನ್ನು ತಡೆಯುವುದಿಲ್ಲ. ವಿವರ ಬರೆಯುವ ಶ್ರಮ ತೆಗೆದುಕೊಳ್ಳದವರು ನಾವು. ಇನ್ನು ಪಾವತಿಯ ವಿಷಯ. ಚಪ್ಪಲಿ ತಲುಪಿದಾಗ ಅರ್ಧ, ಮೂರು ತಿಂಗಳ ನಂತರ ಅದು ಪಾದದಲ್ಲಿದೆಯೇ, ಗೂಡಿನಲ್ಲಿದೆಯೇ ಎಂದು ನೋಡಿ ಉಳಿದರ್ಧ ಕೊಡಬೇಕು. ಬಣ್ಣ, ವಿನ್ಯಾಸ ಊರಿನ ಅಂಗಡಿಯ ಚಪ್ಪಲಿಯಂತೆಯೇ ಇರಬೇಕು. ಮಧುಮೇಹಿಗೂ ಕುಷ್ಠರೋಗದಿಂದ ಗುಣವಾದವರಿಗೂ ಒಂದೇ ಚಪ್ಪಲಿ ಕೊಟ್ಟರೆ ಯಾವ ರೋಗವೆಂದು ಊರಿಗೆ ತಿಳಿಯುವುದೂ ತಪ್ಪುತ್ತದೆ. ಅಳೆದು ಹೊಲಿಯುವವರನ್ನೂ ನಾವು ದೂರದಿಂದ ಕರೆತರಬೇಕಿಲ್ಲ. ರಾಜ್ಯದಲ್ಲಿ ಲಿಡ್ಕರ್ ನಿಗಮವಿದೆ, ಪ್ರತಿ ತಾಲ್ಲೂಕಿನಲ್ಲೂ ತಲೆಮಾರುಗಳಿಂದ ಪಾದದ ಅಳತೆ ಬಲ್ಲ ಕುಶಲಕರ್ಮಿಗಳಿದ್ದಾರೆ. ಅವರಿಗೆ ಈ ಕೆಲಸದ ತರಬೇತಿ ಕೊಟ್ಟು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕೂರಿಸುವುದು ಅಸಾಧ್ಯವಲ್ಲ.

ಹಣಕಾಸು ಇಲಾಖೆ ಏನು ಹೇಳುತ್ತದೆಂದು ನಾನು ಬಲ್ಲೆ, ಆ ಮಾತನ್ನು ನಾನೇ ಹಲವು ಕಡತಗಳಲ್ಲಿ ಬರೆದಿದ್ದೇನೆ: ಇದು ಆವರ್ತಕ ವೆಚ್ಚ, ಹೊಸ ಹುದ್ದೆ ಸೃಷ್ಟಿಗೆ ಅವಕಾಶವಿಲ್ಲ. ಆಕ್ಷೇಪ ಸುಳ್ಳಲ್ಲ. ಆದರೆ ಪಾದರಕ್ಷೆಯ ಲೆಕ್ಕದಲ್ಲಿ ಉಳಿದ ಹತ್ತು ಹನ್ನೆರಡು ರೂಪಾಯಿ ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸೆಯ ಲೆಕ್ಕದಲ್ಲಿ ಖರ್ಚಾಗುತ್ತದೆ, ಕಾಲು ಕಳೆದುಕೊಂಡವನ ದುಡಿಮೆಯ ನಷ್ಟ ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಈ ಎರಡು ಕಾಲಂಗಳನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡುವ ಅಧಿಕಾರ ನನಗಿದ್ದಾಗ ನಾನು ನೋಡಲಿಲ್ಲ.

ನನ್ನ ಚಪ್ಪಲಿ ಮಾಡಿಕೊಟ್ಟವರು ಮೂರು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ. ಮೊದಲ ಸಲ ಹೋದಾಗ ಒಳಅಟ್ಟೆಯನ್ನು ಬಿಚ್ಚಿ, ಹೆಬ್ಬೆರಳಿನ ಬುಡದ ಜಾಗವನ್ನು ಒತ್ತಿ ನೋಡಿ, ‘ಇಲ್ಲಿ ಗಟ್ಟಿಯಾಗಿದೆ ಸಾರ್, ಬದಲಾಯಿಸೋಣ’ ಎಂದರು. ಅವರು ಒತ್ತಿ ನೋಡಿದ್ದು ಹೆಬ್ಬೆರಳಿನಿಂದಲೇ.