ಗುಲಾಬಿ ಬಣ್ಣ ಅಂಗಡಿಯಲ್ಲಿ ಸಿಗಬಾರದು

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಬಂದರೆ ಎಲ್‌ಇಡಿ ದೀಪ, ಟೈಮರ್, ಸಣ್ಣ ಪಂಪು, ಸೆನ್ಸರ್ ಎಲ್ಲವೂ ಚೌಕಾಸಿಯ ದರಕ್ಕೆ ಸಿಗುತ್ತವೆ. ಮನೆಯಲ್ಲಿ ಉಪ್ಪುನೀರಿನ ರೀಫ್ ಅಕ್ವೇರಿಯಂ ಕಟ್ಟುವವರಿಗೆ ಬೇಕಾದ ವಿದ್ಯುತ್ ಸಾಮಾನು ಬಹುಮಟ್ಟಿಗೆ ಈ ಒಂದೇ ಬೀದಿಯಲ್ಲಿ ಮುಗಿಯುತ್ತದೆ. ಆದರೆ ಅವರೆಲ್ಲ ಆಸೆಪಡುವ ವಸ್ತು ಬೇರೆ: ಗುಲಾಬಿ, ನೇರಳೆ ಬಣ್ಣದ ಪದರ ಹೊದ್ದ ಕಲ್ಲು. ಅದನ್ನು ಕೊಳ್ಳಬಾರದು, ಬೆಳೆಸಬೇಕು ಎಂಬುದು ನನ್ನ ವಾದ.

ಆ ಪದರ ಬಣ್ಣವಲ್ಲ, ಜೀವ. ಕೊರಲೈನ್ ಪಾಚಿ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಎಳೆದುಕೊಂಡು ತನ್ನ ಕೋಶಗಳ ಗೋಡೆಯಲ್ಲಿ ಸುಣ್ಣಕಲ್ಲನ್ನು ಕಟ್ಟುತ್ತದೆ. ಸಮುದ್ರದಲ್ಲಿ ಹವಳದ ಚೂರುಗಳನ್ನು ಒಂದಕ್ಕೊಂದು ಬೆಸೆಯುವ ಗಾರೆ ಇದೇ. ಹಲವು ಹವಳಗಳ ಮರಿಗಳು ನೆಲೆಯೂರಲು ಹುಡುಕುವುದೂ ಈ ಮೈಯನ್ನೇ.

ಅವಸರವಿದ್ದವರು ಹಿಡಿಯುವ ಅಡ್ಡದಾರಿ ಎರಡು. ಮೊದಲನೆಯದು ಬಾಟಲಿ. ಪಾಚಿ ಬರಲಿಲ್ಲವೆಂದು ಕ್ಯಾಲ್ಸಿಯಂ ಸುರಿಯುತ್ತಾರೆ. ಆದರೆ ಸುಣ್ಣಕಲ್ಲು ಕಟ್ಟುವಾಗ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾದರೆ ಆಲ್ಕಲಿನಿಟಿ, ಅಂದರೆ ಕಾರ್ಬೊನೇಟಿನ ದಾಸ್ತಾನು, ಸುಮಾರು 2.8 ಡಿಕೆಎಚ್ ಇಳಿದಿರುತ್ತದೆ. 420ರಲ್ಲಿದ್ದ ಕ್ಯಾಲ್ಸಿಯಂ 400ಕ್ಕೆ ಬಂದರೆ ಮನೆಯ ಟೆಸ್ಟ್ ಕಿಟ್ಟಿಗೆ ಅದು ಗೊತ್ತೇ ಆಗದಿರಬಹುದು, ಅಷ್ಟರಲ್ಲಿ 8.5 ಇದ್ದ ಆಲ್ಕಲಿನಿಟಿ 5.7ಕ್ಕೆ ಕುಸಿದಿರುತ್ತದೆ. ಮೊದಲು ಅಳೆಯಬೇಕಾದದ್ದು ಇದನ್ನು. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1300ರ ಆಸುಪಾಸು, ಆಲ್ಕಲಿನಿಟಿ 8ರ ಸುತ್ತ ಇದ್ದರೆ ಸಾಕು. ಅಂಕಿ ಎತ್ತರದಲ್ಲಿರುವುದಕ್ಕಿಂತ ಅಲುಗಾಡದೆ ಇರುವುದು ಮುಖ್ಯ.

ಮುಂಬಯಿಯ ಮನೆಗಳಲ್ಲಿ ಇದಕ್ಕೆ ಊರಿನದೇ ತೊಡಕುಗಳಿವೆ. ಬಾಗಿಲು ಕಿಟಕಿ ಮುಚ್ಚಿ ಎಸಿ ಹಾಕಿದ ಚಿಕ್ಕ ಕೋಣೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಸೇರಿ ನೀರಿನ ಪಿಎಚ್ ಇಳಿಯುತ್ತದೆ. ಅದಕ್ಕೆ ಮದ್ದು ಇನ್ನೊಂದು ಬಾಟಲಿಯಲ್ಲ, ತೆರೆದ ಕಿಟಕಿ. ಬೇಸಿಗೆಯಲ್ಲಿ ಆವಿಯಾದ ನೀರಿನ ಬದಲು ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಟ್ಟರೆ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಒಟ್ಟಿಗೆ ತುಂಬುತ್ತವೆ. ಎಲೆಅಡಿಕೆಯ ಸುಣ್ಣವೂ ರಾಸಾಯನಿಕವಾಗಿ ಇದೇ ವಸ್ತು. ಆದರೆ ತೊಟ್ಟಿಗೆ ಬೇಕಾದದ್ದು ಶುದ್ಧೀಕರಿಸಿದ್ದು. ಜೂನಿನಲ್ಲಿ ಮಳೆ ಹಿಡಿದು ಗಾಳಿ ಒದ್ದೆಯಾದಾಗ ನೀರು ಹೆಚ್ಚು ಆವಿಯಾಗುವುದಿಲ್ಲ, ತಿಳಿನೀರಿಗೆ ಜಾಗ ಇರುವುದಿಲ್ಲ. ಪಾಚಿಯ ಹಸಿವು ಮಾತ್ರ ಹಾಗೇ ಇರುತ್ತದೆ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಅಡುಗೆ ಸೋಡಾವನ್ನು ಬೇರೆ ಬೇರೆಯಾಗಿ ಕರಗಿಸಿ, ಬೇರೆ ಬೇರೆ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಹಾಕಬೇಕಾಗುತ್ತದೆ. ಒಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗಿ, ಹಾಕಿದ್ದೆಲ್ಲ ತಳಕ್ಕೆ ಕೂರುತ್ತದೆ.

ಎರಡನೆಯ ಅಡ್ಡದಾರಿ ಸಮುದ್ರದಿಂದ ಕಿತ್ತು ತಂದ ಕಲ್ಲು. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣದ ಗೂಡುಗಳಿಗಾಗಿ ಹವಳವನ್ನು ದಶಕಗಳ ಕಾಲ ಅಗೆದರು. ಅಂಥ ಲೂಟಿಗಳ ಅನುಭವದ ಮೇಲೆ 2001ರಲ್ಲಿ ರೀಫ್ ಕಟ್ಟುವ ಗಟ್ಟಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ, ಅಂದರೆ ಹುಲಿಯ ಸಾಲಿಗೆ, ಸೇರಿಸಲಾಯಿತು. ಹವಳ ಎಲ್ಲೋ ಲಕ್ಷದ್ವೀಪದಲ್ಲಿದೆ ಎಂದುಕೊಳ್ಳಬೇಡಿ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿದೆ. ಗ್ರಾಂಟ್ ರೋಡಿನಿಂದ ತುಸು ದೂರದ ಹಾಜಿ ಅಲಿ, ವರ್ಲಿಯ ಬಂಡೆಗಳಲ್ಲೂ ಇತ್ತು. 2020ರಲ್ಲಿ ಕೋಸ್ಟಲ್ ರೋಡಿಗಾಗಿ ಅಲ್ಲಿಂದ 18 ಹವಳ ಗುಂಪುಗಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಎಬ್ಬಿಸಿ, ಬೇರೆಡೆ ನೆಡಬೇಕಾಯಿತು. ರಸ್ತೆ ಕಟ್ಟುವ ಸರ್ಕಾರವೇ ಅನುಮತಿ ಕೇಳಬೇಕಾದ ಜೀವವನ್ನು ಡ್ರಾಯಿಂಗ್ ರೂಮಿನ ಚೆಂದಕ್ಕಾಗಿ ಪ್ಲಾಸ್ಟಿಕ್ ಚೀಲದಲ್ಲಿ ತರಿಸಿಕೊಳ್ಳುವುದು ಯಾವ ನ್ಯಾಯ?

ಕಲ್ಲು ಕೊಳ್ಳದಿದ್ದರೆ ಪಾಚಿಯ ಬೀಜ ಎಲ್ಲಿಂದ ಎಂದು ಕೇಳುವವರಿದ್ದಾರೆ. ಹಳೆಯ ತೊಟ್ಟಿ ಇಟ್ಟವರ ಮನೆಯಿಂದ. ಅವರ ಗಾಜಿನ ಮೇಲೂ ಈ ಪಾಚಿ ಹಬ್ಬಿ ಕಾಟ ಕೊಡುತ್ತದೆ. ವಾರವಾರ ಬ್ಲೇಡಿನಿಂದ ಕೆರೆದು ಚೆಲ್ಲುತ್ತಾರೆ. ಆ ಪುಡಿಯನ್ನು ಒಂದು ಲೋಟ ತೊಟ್ಟಿಯ ನೀರಿನಲ್ಲೇ ತಂದು, ಸಿರಾಮಿಕ್ ಕಲ್ಲಿನ ಮೇಲೆ ಹರಿವಿಗೆ ಬಿಟ್ಟರೆ ಸಾಕು. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ. ದೀಪ ವಿಪರೀತ ಪ್ರಖರವಾಗಿರಬಾರದು, ಫಾಸ್ಫೇಟ್ ಏರಬಾರದು, ಉಪ್ಪಿನಂಶ 35ರಲ್ಲಿ ನಿಲ್ಲಬೇಕು.

ಮೊದಲ ತಿಂಗಳುಗಳಲ್ಲಿ ಕಂದು ಲೋಳೆ ಬರುತ್ತದೆ, ಆಮೇಲೆ ಹಸಿರು ಕೂದಲು. ನೋಡಲು ಬಂದವರು ಮೂಗು ಮುರಿಯುತ್ತಾರೆ. ಹೆಚ್ಚಿನವರು ಸೋತು ಬಾಟಲಿಗೋ ಕಳ್ಳಕಲ್ಲಿಗೋ ಕೈಚಾಚುವುದು ಈ ಹಂತದಲ್ಲೇ. ತಡೆದುಕೊಂಡವರ ಕಲ್ಲಿನ ನೆರಳಿನ ಬದಿಯಲ್ಲಿ ಒಂದು ದಿನ ಸಾಸಿವೆಯಷ್ಟು ದೊಡ್ಡ ಗುಲಾಬಿ ಚುಕ್ಕೆ ಕಾಣಿಸುತ್ತದೆ. ಅದಕ್ಕಾಗಿ ಸಮುದ್ರ ಏನನ್ನೂ ಕಳೆದುಕೊಂಡಿರುವುದಿಲ್ಲ.